ಮೊದಲು ಶಾಲು, ಆಮೇಲೆ ಮನವಿ

ಸಂಘ ಅಂತ ಒಂದಿದ್ದ ಮೇಲೆ ನಗೆಪಾಟಲಿಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಸಭೆ ಕರೆದರೆ ಸಾಕು, ಅದು ತಾನಾಗಿಯೇ ಬಂದು ಮುಂದಿನ ಸಾಲಿನಲ್ಲಿ ಕೂತುಬಿಡುತ್ತದೆ.

ನಮ್ಮದು ಕನ್ನಡ ಮಾಧ್ಯಮ ಶಿಕ್ಷಕರ ಸಂಘ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಸರಕಾರಿ ಕನ್ನಡ ಸಾಲೆಗಳ ಮಾಸ್ತರುಗಳೂ ಟೀಚರಮ್ಮಗಳೂ ಸೇರಿ ಕಟ್ಟಿಕೊಂಡದ್ದು. ತೆಲುಗು ನಾಡಿನೊಳಗೆ ಕನ್ನಡ ಸಾಲೆ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಮಾತು ಮೊದಲೇ ಇತ್ತು, ಗಡಿಗೆರೆ ಆಮೇಲೆ ಬಂತು, ಗೆರೆ ಎಳೆಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ ಅಂತ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿದೆ. ದೊಡ್ಡ ಸಂಘಗಳ ಸಭೆಗೆ ಮೈದಾನ ಬೇಕು. ನಮ್ಮ ಸಭೆಗೆ ಮಕ್ತಲ್ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಮೇಜು ಜೋಡಿಸಿದರೆ ಜಾಗ ಉಳಿಯುತ್ತಿತ್ತು.

ನಾನು ಕಾರ್ಯದರ್ಶಿ. ಖಜಾಂಚಿ ನಾರಾಯಣಪೇಟೆಯ ಟೀಚರಮ್ಮ, ನೇಕಾರರ ಮನೆಯ ಮಗಳು. ಅಧ್ಯಕ್ಷರು ಮಕ್ತಲ್ ಕಡೆಯ ಒಂದು ಹಳ್ಳಿಯ ಕನ್ನಡ ಸಾಲೆಯ ಏಕೈಕ ಮಾಸ್ತರು. ಒಂದೇ ಕಂಪೌಂಡಿನೊಳಗೆ ಬೇವಿನ ಮರದ ಆ ಕಡೆ ತೆಲುಗು ಸಾಲೆ, ಈ ಕಡೆ ಅವರದು. ಅವರು ನಿವೃತ್ತರಾಗುವುದರೊಳಗೆ ಆ ಸಾಲೆಗೆ ಇನ್ನೊಬ್ಬ ಕನ್ನಡ ಮಾಸ್ತರು ಬರಬೇಕು. ಬರದಿದ್ದರೆ ಮರದ ಆ ಕಡೆಗೆ ಸೇರಿಸಿಬಿಡುತ್ತಾರೆ. ಸಂಘ ಏನೇನೋ ಕೇಳುತ್ತಿತ್ತು ನಿಜ, ಆದರೆ ಅಧ್ಯಕ್ಷರ ಎದೆಯಲ್ಲಿ ಕೂತದ್ದು ಇದೊಂದೇ.

ಸಂಘಕ್ಕೆ ಒಂದು ಪದ್ಧತಿ ಇತ್ತು. ಯಾವ ಅಧಿಕಾರಿ ಬಂದರೂ ಮೊದಲು ಶಾಲು, ಆಮೇಲೆ ಮನವಿ. ಶಾಲು ಅಂಗಡಿಯದಲ್ಲ, ಟೀಚರಮ್ಮನ ಅಪ್ಪ ಸ್ವಂತ ಮಗ್ಗದಲ್ಲಿ ನೇಯ್ದದ್ದು, ಕೆಂಪು ಅಂಚು, ಮೈತುಂಬ ಚೌಕಳಿ. ಅದನ್ನು ಅವಳು ಅಧ್ಯಕ್ಷರ ಕೈಗೆ ಕೊಡುವಳು. ಅವರು ಒಂದೇ ಝಾಡಿಗೆ ಬಿಚ್ಚಿ ಅಧಿಕಾರಿಯ ಹೆಗಲಿಗೆ ಹೊದಿಸಿ, ಕೈಮುಗಿದು, ತೆಲುಗಿನಲ್ಲಿ "ಸಾರ್, ಮಾದಿ ಒಕ ಚಿನ್ನ ಮನವಿ" ಅಂತ, ಅಂದರೆ ನಮ್ಮದೊಂದು ಸಣ್ಣ ಮನವಿ ಅಂತ, ಶುರುಮಾಡುವರು. ಅಧಿಕಾರಿ ಶಾಲಿನ ಅಂಚನ್ನು ಮುಟ್ಟಿ ನೋಡಿ "ಚೂದ್ದಾಂ" ಅನ್ನುವರು. ನೋಡೋಣ ಅಂತ. ಅಧಿಕಾರಿಗಳು ಬದಲಾದರು, ರಾಜ್ಯ ಬದಲಾಯಿತು, "ಚೂದ್ದಾಂ" ಬದಲಾಗಲಿಲ್ಲ.

ಶಾಮಿಯಾನದ ಕೆಳಗೆ

ತೆಲಂಗಾಣ ಇನ್ನೂ ಬಂದಿರಲಿಲ್ಲ, ಬರಬೇಕು ಅಂತ ಮುಷ್ಕರ ನಡೆದಿತ್ತು. ಕಚೇರಿ ಬಂದ್, ಬಸ್ಸು ಬಂದ್, ಸಾಲೆಯೂ ಬಂದ್. ಅಧ್ಯಕ್ಷರ ಹಳ್ಳಿಯಲ್ಲಿ ರಸ್ತೆಬದಿ ಶಾಮಿಯಾನ ಹಾಕಿ ಎರಡೂ ಸಾಲೆಯ ಮಾಸ್ತರುಗಳು ಕೂತಿದ್ದರು. ಮುಂದಾಳು ಪಕ್ಕದ ತೆಲುಗು ಸಾಲೆಯ ಹೆಡ್ಮಾಸ್ತರು. ಅವರದು ದೊಡ್ಡ ಸಂಘ, ದೊಡ್ಡ ದನಿ. ಯಾರೋ ಪೇಟೆಯವರು ಬಂದು ಅಧ್ಯಕ್ಷರನ್ನು ಕೇಳಿದರು, "ನೀವು ಕನ್ನಡದವರು, ನಿಮಗ್ಯಾಕ್ರಿ ತೆಲಂಗಾಣ?"

"ಕೊಡದೊಳಗ ನೀರಿಲ್ಲದ್ದು ಅವ್ರಿಗೂ ಅಷ್ಟ, ನಮಗೂ ಅಷ್ಟರಿ" ಅಂದರು ಅಧ್ಯಕ್ಷರು.

ತೊಂದರೆ ಏನೆಂದರೆ, ಸಾಲೆ ಬಂದ್ ಅಂದರೂ ಅವರ ಮಕ್ಕಳು ಬಿಡಲಿಲ್ಲ. ಬೆಳಿಗ್ಗೆ ಎದ್ದು, ಮಾಸ್ತರು ಎಲ್ಲಿದ್ದಾರೋ ಅಲ್ಲೇ ಸಾಲೆ ಅಂತ, ಪಾಟಿ ಹಿಡಿದು ಶಾಮಿಯಾನಕ್ಕೆ ಬಂದು ಕೂತವು. ಮುಷ್ಕರದಲ್ಲಿ ಪಾಠ ಹೇಳುವುದು ದ್ರೋಹ. ಮಕ್ಕಳನ್ನು ಎಬ್ಬಿಸಿ ಕಳಿಸಲು ಅಧ್ಯಕ್ಷರಿಗೆ ಮನಸ್ಸಿಲ್ಲ. ಮಧ್ಯಾಹ್ನ ತೆಲುಗು ಹೆಡ್ಮಾಸ್ತರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಶಾಮಿಯಾನ ಗುಡುಗುತ್ತಿತ್ತು. ಅಧ್ಯಕ್ಷರು ಮುಷ್ಟಿ ಎತ್ತಿ "ಕ ಕಾ!" ಅನ್ನುವರು, ಮಕ್ಕಳು ಮುಷ್ಟಿ ಎತ್ತಿ "ಕಿ ಕೀ!" ಅನ್ನುವವು. "ಕು ಕೂ!" ಅಂದರೆ "ಕೆ ಕೇ!"

ಹೆಡ್ಮಾಸ್ತರು ಕೆಂಡವಾದರು. "ಮುಷ್ಕರದಾಗ ಪಾಠ ಹೇಳ್ತೀರೇನ್ರಿ?" ಅಂತ ತೆಲುಗಿನಲ್ಲಿ ಕೇಳಿದರು. ಅವರಿಗೆ ಕನ್ನಡ ತಿಳಿಯುತ್ತದೆ, ಮಾತಾಡುವುದು ಮಾತ್ರ ತೆಲುಗು.

"ಪಾಠ ಎಲ್ಲೈತ್ರಿ ಸರ? ಘೋಷಣಾ ಕೂಗಸಾಕ ಹತ್ತೀನಿ."

"ಇದೆಂಥ ಘೋಷಣೆ?"

"ನಮ್ಮ ಸಾಲಿ ಉಳೀಲಿ ಅಂಬೋದು."

ಮಾರನೆಯ ದಿನ ಶಾಮಿಯಾನದ ಇನ್ನೊಂದು ತುದಿಯಲ್ಲಿ ತೆಲುಗು ಮಕ್ಕಳೂ ಮುಷ್ಟಿ ಎತ್ತಿ ತಮ್ಮ ಕಾಗುಣಿತ ಕೂಗುತ್ತಿದ್ದವು. ಎರಡೂ ಕಡೆಯ ಕೂಗು ಕೇಳಿ ರಸ್ತೆಯಲ್ಲಿ ಹೊರಟಿದ್ದ ಟ್ರ್ಯಾಕ್ಟರ್ ನಿಂತಿತು. ಮೇಲಿದ್ದ ಜನ ಏನೆಂದು ತಿಳಿಯದೆ ತಾವೂ ಎದ್ದು ನಿಂತು, ಕಾಗುಣಿತಕ್ಕೆ ಜೈಕಾರ ಹಾಕಿ ಹೋದರು.

ಹೊಸ ಪುಸ್ತಕ

ರಾಜ್ಯ ಬಂತು. ಲಾಡು ಹಂಚಿದೆವು. ಹೊಸ ರಾಜ್ಯಕ್ಕೆ ಹೊಸ ಪಾಠಪುಸ್ತಕ ಬರುತ್ತದೆ ಅಂದರು. ಜೂನ್ ಬಂತು, ಸಾಲೆ ತೆರೆಯಿತು, ತೆಲುಗು ಪುಸ್ತಕ ಬಂತು, ಇಂಗ್ಲಿಷ್ ಪುಸ್ತಕವೂ ಬಂತು. ಕನ್ನಡದ್ದು ಮಾತ್ರ ದಾರಿಯಲ್ಲೇ ಇತ್ತು. ಅಧ್ಯಕ್ಷರು ದಿನಾ ಮಕ್ತಲ್‌ಗೆ ಹೋಗಿ ಕೇಳಿ ಬರುವರು. ಕೊನೆಗೊಂದು ದಿನ ಕಟ್ಟು ಬಂತು. ಅಧ್ಯಕ್ಷರು ಅದನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಊರಿಗೆಲ್ಲ ಕೇಳುವಂತೆ ಹಾರ್ನ್ ಹಾಕುತ್ತ ತಂದರು. ಮಕ್ಕಳ ಎದುರೇ ಬಿಚ್ಚಿದರು.

ಕುರಿ ಕಾಯುವವರ ಮನೆಯ ಒಂದು ಹುಡುಗಿ ಮೊದಲ ಪುಸ್ತಕ ತೆಗೆದುಕೊಂಡು, ತಿರುವಿ, ಅಡ್ಡಹಿಡಿದು, ಉದ್ದಹಿಡಿದು ನೋಡಿ, "ಸರ, ಅಕ್ಷರ ಎಲ್ಲಾ ಬಟ್ಟಿ ಒಣ ಹಾಕಿದಂಗ ಹಗ್ಗಕ್ಕ ಜೋತು ಬಿದ್ದಾವ್ರಿ" ಅಂದಳು. ಅದು ಮರಾಠಿ ಪುಸ್ತಕ.

ಅಧ್ಯಕ್ಷರು ಪುಸ್ತಕ ಕಳಿಸಿದ ಗೋದಾಮಿಗೆ ಫೋನು ಹಚ್ಚಿದರು. ಆ ಕಡೆಯ ಮನುಷ್ಯ ಸಮಾಧಾನದವನು. "ಅವರದು ಒಂದು ಗಡಿ, ನಿಮ್ಮದು ಒಂದು ಗಡಿ, ಎರಡೂ ಗಡಿಭಾಷೆ. ಕಟ್ಟು ಅದಲುಬದಲಾಗೈತಿ. ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ರಿ ಸಾರ್" ಅಂದ. ಹುಡುಗಿಯ ಅಪ್ಪ ಅಲ್ಲೇ ಕಂಬಳಿ ಹೊದ್ದು ನಿಂತಿದ್ದ. "ಸರ, ನಮ್ಮ ದೇವ್ರು ಬೀರಪ್ಪಗ ಯಾವ ಭಾಷಾದಾಗ ಬೇಡ್ಕೊಂಡ್ರೂ ನಡೀತೈತಿ. ಹುಡುಗಿಗೆ ನಡಿಯಂಗಿಲ್ಲಲ್ರಿ" ಅಂದ.

ನನಗೆ ಸಿಟ್ಟು ಬಂದಿತ್ತು. ಪತ್ರಿಕೆಯವರನ್ನು ಕರೆಯೋಣ ಅಂದೆ. ಅಧ್ಯಕ್ಷರು ಮರಾಠಿ ಪುಸ್ತಕಗಳನ್ನು ಒಂದೊಂದಾಗಿ ಧೂಳು ಒರೆಸಿ, ಮತ್ತೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತುತ್ತಿದ್ದರು.

"ರಾಜ್ಯದ ಆ ತುದಿಯಾಗ ಯಾವನೋ ಮರಾಠಿ ಮಾಸ್ತರ ನಮ್ಮ ಕನ್ನಡ ಪುಸ್ತಕ ಹಿಡ್ಕೊಂಡು ಕುಂತಿರ್ತಾನ. ಪಾಪ, ಅಂವಗೂ ನಮ್ಮಂಗ ಒಂದು ಸಣ್ಣ ಸಂಘ ಇರ್ತೈತಿ" ಅಂದರು.

ಗದ್ವಾಲದ ಘಟಕ

ಆಮೇಲೆ ಜಿಲ್ಲೆಗಳನ್ನು ಒಡೆದರು. ಒಂದೇ ಜಿಲ್ಲೆಯಲ್ಲಿದ್ದ ನಾವು ಬೇರೆಬೇರೆಯಾದೆವು. ಜನರಿಗೆ ಕಚೇರಿ ಹತ್ತಿರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಜಿಲ್ಲೆಗೊಂದು ಘಟಕ ಇಲ್ಲದಿದ್ದರೆ ಆ ಜಿಲ್ಲೆಯಲ್ಲಿ ಸಂಘದ ಮಾತು ಕೇಳುವುದಿಲ್ಲ ಅಂದರು. ಗದ್ವಾಲ ಜಿಲ್ಲೆಗೆ ಹೋದವರು ಒಬ್ಬರೇ ಮಾಸ್ತರು, ಮಲ್ದಕಲ್ ಕಡೆಯವರು. ಒಳ್ಳೆಯ ಹಾಡುಗಾರ, ಮಕ್ತಲ್ ಹೋಟೆಲಿನ ಸಭೆಗಳಲ್ಲಿ ಕೊನೆಗೆ ಹಾಡು ಹೇಳಿ ನಮ್ಮ ಬೇಸರ ಕಳೆಯುತ್ತಿದ್ದವರು.

"ಸರ, ನಾ ಒಬ್ಬನ ಅದೀನಿ" ಅಂತ ಫೋನಿನಲ್ಲಿ ಅತ್ತುಕೊಂಡರು.

"ಒಬ್ಬ ಇದ್ರ ಒಂದು ಘಟಕ. ಸಭಾ ಮಾಡು, ನಮ್ಮ ಸಾಲಿಗೆ ಮಾಸ್ತರ ಕೊಡ್ರಿ ಅಂತ ಠರಾವು ಮಾಡು" ಅಂದರು ಅಧ್ಯಕ್ಷರು.

ಒಂದು ವಾರ ಬಿಟ್ಟು ನಾನೇ ಫೋನು ಮಾಡಿದೆ. "ಸಭಾ ಆತೇನ್ರಿ?"

"ಆತ್ರಿ. ಕಾರ್ಯದರ್ಶಿ ಹೇಳಿದ ಟೈಮಿಗೆ ಬಂದಿದ್ದ. ಅಧ್ಯಕ್ಷರು ತಡಾ ಮಾಡಿ ಬಂದ್ರು."

"ಇಬ್ರೂ ನೀವ ಅಲ್ರೇನು?"

"ಹೌದ್ರಿ. ಎಮ್ಮಿ ಹಗ್ಗ ಹರ್ಕೊಂಡಿತ್ತು, ಅದಕ್ಕ ಅಧ್ಯಕ್ಷರಿಗೆ ತಡಾ ಆತು."

"ಠರಾವು ಸರ್ವಾನುಮತದ್ದಾ?"

"ಮಾಸ್ತರ ಕೇಳೋ ಠರಾವು ಸರ್ವಾನುಮತರಿ. ಮುಂದಿನ ಸಲ ಅಧ್ಯಕ್ಷ ಯಾರು ಅನ್ನೋದ್ರಾಗ ಜಗಳ ಬಿತ್ತು. ನಾ ಒಲ್ಲೆ ಅಂದ್ನಿ. ಅಲ್ಲಿ ನನ್ನ ಮಾತು ಕೇಳವ್ರು ಯಾರದಾರ್ರಿ?"

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ, "ಸಭಾ ಮುಗಿದ ಮ್ಯಾಲ ಹಾಡ್ದಿರೇನು?" ಅಂದೆ. "ಹಾಡಿದ್ನಿ. ಆದ್ರ ಚಪ್ಪಾಳಿನೂ ನಾನ ತಟ್ಟಬೇಕಲ್ರಿ, ಅದು ಭಾಳ ಕೆಟ್ಟ ಅನಸ್ತು" ಅಂದರು.

ಕುರ್ಚಿಯ ಮೇಲಿದ್ದವರು

ನಾರಾಯಣಪೇಟೆಯೂ ಜಿಲ್ಲೆಯಾಯಿತು. ಹೊಸ ಜಿಲ್ಲೆ, ಹೊಸ ಕಚೇರಿ, ಹೊಸ ಅಧಿಕಾರಿ. ಅಧ್ಯಕ್ಷರ ನಿವೃತ್ತಿ ಹತ್ತಿರ ಬರುತ್ತಿತ್ತು. ಈ ಸಲ ಬಿಡಬಾರದು ಅಂತ ನಾವು ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದೆವು. ಟೀಚರಮ್ಮನ ಅಪ್ಪ ಈ ಸಲದ ಶಾಲಿಗೆ ಜರಿ ಎಳೆಯನ್ನೂ ಹಾಕಿದ್ದರು.

ಅಧಿಕಾರಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಬಿಳಿ ಶರ್ಟಿನವರೊಬ್ಬರು ಕೂತಿದ್ದರು. ಟೀಚರಮ್ಮ ಶಾಲು ಕೊಟ್ಟಳು. ಅಧ್ಯಕ್ಷರು ಬಿಚ್ಚಿ ಹೊದಿಸಿ, ಕೈಮುಗಿದು, "ಸಾರ್, ಮಾದಿ ಒಕ ಚಿನ್ನ ಮನವಿ" ಅಂತ ಶುರುಮಾಡಿದರು.

ಆ ಮನುಷ್ಯ ಎಷ್ಟು ಚೆನ್ನಾಗಿ ಕೇಳಿದರೆಂದರೆ ನನಗೆ ಕಣ್ಣು ತುಂಬಿ ಬಂತು. ಫೋನು ನೋಡಲಿಲ್ಲ. ನಡುವೆ ಬಾಯಿ ಹಾಕಲಿಲ್ಲ. "ನಿಮ್ಮ ನಿವೃತ್ತಿ ಯಾವಾಗ?" ಅಂದರು. "ನಿಮ್ಮ ನಂತರ ನೋಡಿಕೊಳ್ಳುವವರು ಯಾರು?" ಅಂದರು. "ಹಾಗಾದರೆ ಸಾಲೆಗೆ ಏನೂ ಭದ್ರತೆ ಇಲ್ಲ ಅನ್ನಿ" ಅಂತ ನೊಂದುಕೊಂಡರು. ಅಧ್ಯಕ್ಷರ ಮುಖ ಅರಳಿತ್ತು. ಹಿಂದೆಂದೂ ಹೇಳದ ಮಾತನ್ನೆಲ್ಲ ಹೇಳಿದರು. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ತಿಳಿಯದ ಒಂದನೇ ಕ್ಲಾಸಿನ ಮಕ್ಕಳು ಮೊದಲ ದಿನ ಸಾಲೆಯಲ್ಲಿ ತಮ್ಮ ಮಾತು ಕೇಳಿದಾಗ ಅಳು ನಿಲ್ಲಿಸುವ ಬಗೆಯನ್ನೂ ಹೇಳಿದರು.

"ಸಾಲೆಯ ವಯಸ್ಸೆಷ್ಟು?" ಅಂದರು ಬಿಳಿ ಶರ್ಟಿನವರು.

"ನಿಜಾಮರ ಕಾಲದ್ದರಿ."

ಅವರು ತಲೆ ಅಲ್ಲಾಡಿಸಿದರು. "ಆ ವಯಸ್ಸಿಗೆ ನಮ್ಮ ಕಂಪನಿಯವರು ಪಾಲಿಸಿ ಕೊಡಂಗಿಲ್ಲರಿ ಸಾರ್. ನಿಮ್ಮ ಹೆಸರಿಗೆ ಬೇಕಾದ್ರೆ ಒಂದು ಮಾಡೋಣ."

ಆಗ ಅಟೆಂಡರ್ ಒಳಗೆ ಬಂದು, "ಇನ್ಶೂರೆನ್ಸ್ ಸಾರೂ, ಫ್ಯಾನ್ ಗಾಳಿ ಸಾಕು, ಏಳ್ರಿ. ಸಾಹೇಬ್ರು ಹೈದರಾಬಾದಿಗೆ ಹೋಗ್ಯಾರ, ಇವತ್ತು ಬರಂಗಿಲ್ಲ" ಅಂದ.

ಆ ಏಜೆಂಟ್ ನಾಚಿ ಶಾಲು ತೆಗೆದುಕೊಡಲು ಬಂದ. ಟೀಚರಮ್ಮ ಕೈ ಚಾಚಿದ್ದಳು ಕೂಡ, ಜರಿಯ ಶಾಲು ಅಲ್ಲವೇ. ಅಧ್ಯಕ್ಷರು ತಡೆದರು. "ಇರ್ಲಿ ಬಿಡವ್ವ. ಇಷ್ಟು ವರ್ಷದಾಗ ನಮ್ಮ ಮನವಿ ಕಡೀತನಕ ಕೇಳಿದವ ಇವನೊಬ್ಬನ. ಶಾಲು ಇವಗ ಸಲ್ಲಬೇಕು."

ಮನೆ ಮನೆಗೆ

ಮಕ್ಕಳಿದ್ದರೆ ಮಾಸ್ತರನ್ನು ಕೊಡುತ್ತೇವೆ, ಮಾಸ್ತರಿದ್ದರೆ ಮಕ್ಕಳು ಬರುತ್ತಾರೆ, ಈ ಎರಡರ ನಡುವೆ ನಮ್ಮನ್ನು ಗಾಣದ ಎತ್ತಿನಂತೆ ತಿರುಗಿಸಿದರು. ಅಧ್ಯಕ್ಷರ ಕೊನೆಯ ಜೂನ್ ಅದು. ಬಡಿಬಾಟ ಅಂತ ಮಕ್ಕಳನ್ನು ಸಾಲೆಗೆ ಕರೆಯಲು ಮನೆಮನೆಗೆ ಹೋಗುವ ಕಾರ್ಯಕ್ರಮಕ್ಕೆ ನಾನೂ ಅವರ ಜೊತೆ ಹೋದೆ. ಪ್ರತಿ ಮನೆಯ ಮುಂದೂ ಹಳದಿ ವ್ಯಾನಿನ ಚಕ್ರದ ಗುರುತು. ಟೈ ಕಟ್ಟಿಸುವ ಇಂಗ್ಲಿಷ್ ಸಾಲೆಯ ವ್ಯಾನು ಬಾಗಿಲಿಗೇ ಬರುತ್ತದೆ.

ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬಳು ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಅಧ್ಯಕ್ಷರನ್ನು ಕಂಡು ಕೈ ಒರೆಸಿಕೊಂಡು ಓಡಿ ಬಂದು ಕಾಲು ಮುಟ್ಟಿದಳು. ಅವರದೇ ಹಳೆಯ ವಿದ್ಯಾರ್ಥಿನಿ. ಗಂಡನೂ ಅವರ ಕೈಕೆಳಗೇ ಓದಿದವನು. ಹಾಲು ಕಾಯಿಸಿ ಚಹಾ ಕೊಟ್ಟಳು. ಚಹಾ ಕುಡಿಯುವಾಗ ಅಧ್ಯಕ್ಷರು ಕೇಳಿದರು, "ಏನವ್ವ, ಮಗನ್ನ ನಮ್ಮ ಸಾಲಿಗೆ ಕಳಸ್ತಿ ಅಲ್ಲ?"

ಅವಳು ಸೆರಗು ತಿರುಚುತ್ತ ನಿಂತಳು. "ನಿಮ್ಮಂಗ ಕಲಸವ್ರು ಯಾರೂ ಇಲ್ರಿ ಸರ. ನೀವು ಕಲಸಿದ್ದು ಒಂದೂ ಮರ್ತಿಲ್ಲ ನಾನು. ಈಗೂ ಪದ್ಯ ಅಂತೀನಿ, ಮಗ್ಗಿ ಅಂತೀನಿ."

"ಮತ್ತ?"

"ಮಗ್ಗಿ ಅನ್ಕೋತನ ಕುರಿ ಎಣಸ್ತೀನ್ರಿ ಸರ."

ಅವಳು ಕುಹಕ ಮಾಡಲಿಲ್ಲ. ಅಳುತ್ತಲೇ ಹೇಳಿದಳು. ಹೊರಗೆ ಬಂದು ಬಿಸಿಲಲ್ಲಿ ಬಹಳ ದೂರ ನಡೆದ ಮೇಲೆ ಅಧ್ಯಕ್ಷರು ತಾವೇ ಮಾತಾಡಿದರು. "ಒಂದು ನೋಡ್ರಿ, ಲೆಕ್ಕ ಮಾತ್ರ ತಪ್ಪಂಗಿಲ್ಲ ಆಕಿದು."

ಕೊನೆಯ ಶಾಲು

ಮಾಸ್ತರು ಬರಲಿಲ್ಲ. ಅಧ್ಯಕ್ಷರ ನಿವೃತ್ತಿ ಬಂತು. ಮಾರನೆಯ ದಿನದಿಂದ ಮಕ್ಕಳು ಮರದ ಆ ಕಡೆಯ ಕ್ಲಾಸುಗಳಲ್ಲಿ ಕೂರಬೇಕು ಅಂತ ಆದೇಶವೂ ಬಂತು. ಬೀಳ್ಕೊಡುಗೆ ಬೇವಿನ ಮರದ ಕೆಳಗೆ ಇಟ್ಟುಕೊಂಡೆವು. ಮರ ಯಾರ ಕಡೆಯದು ಅಂತ ಆದೇಶದಲ್ಲಿ ಇರಲಿಲ್ಲ.

ಅಧಿಕಾರಿಗಳನ್ನೆಲ್ಲ ಕರೆದಿದ್ದೆವು, ಯಾರೂ ಬಂದಿರಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ತೆಲುಗು ಹೆಡ್ಮಾಸ್ತರು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಅವರ ತಾಯಿತಂದೆ. ಗದ್ವಾಲದ ಮಾಸ್ತರು ತಮ್ಮ ಜಿಲ್ಲಾ ಘಟಕ ಪೂರ್ತಿ ಹಾಜರಿದೆ ಅಂತ ಹೇಳಿ ಪ್ರಾರ್ಥನೆ ಹಾಡಿದರು. ಈ ಸಲ ಚಪ್ಪಾಳೆ ಬೇರೆಯವರು ತಟ್ಟಿದರು. ನಾನು ಬರೆದು ತಂದ ಭಾಷಣ ಅರ್ಧಕ್ಕೆ ನಿಂತಿತು. ಸಾಕು, ಸನ್ಮಾನ ಆಗಲಿ ಅಂತ ಕೈ ಮಾಡಿದೆ.

ಟೀಚರಮ್ಮ ಶಾಲು ತೆಗೆದುಕೊಂಡು ವೇದಿಕೆ ಹತ್ತಿದಳು. ಅವಳ ಅಪ್ಪನಿಗೆ ಕಣ್ಣು ಮಂಜಾಗಿದ್ದರೂ ಹಟ ಹಿಡಿದು ಕೂತು ನೇಯ್ದ ಶಾಲು. ನಾನು ಅದನ್ನು ಇಸಿದುಕೊಂಡು ಅಧ್ಯಕ್ಷರಿಗೆ ಹೊದಿಸಬೇಕು ಅಂತ ಹಿಂದಿನ ದಿನವೇ ಮಾತಾಗಿತ್ತು. ಅವಳಿಗೆ ಎಲ್ಲಿಯ ನೆನಪು. ಅವಳ ಕಣ್ಣಲ್ಲಿ ನೀರು, ಕೈಗೆ ಹಳೆಯ ರೂಢಿ. ನನ್ನನ್ನು ದಾಟಿ ಹೋಗಿ ಯಾವಾಗಲೂ ಕೊಡುವಂತೆ ಅಧ್ಯಕ್ಷರ ಕೈಗೇ ಕೊಟ್ಟುಬಿಟ್ಟಳು.

ಅಧ್ಯಕ್ಷರಿಗೂ ಅದೇ ರೂಢಿ. ತಟ್ಟನೆ ಎದ್ದರು, ಒಂದೇ ಝಾಡಿಗೆ ಶಾಲು ಬಿಚ್ಚಿದರು, ಅಧಿಕಾರಿ ಎಲ್ಲಿದ್ದಾರೆ ಅಂತ ಆ ಕಡೆ ಈ ಕಡೆ ನೋಡಿದರು. ಅಧಿಕಾರಿ ಇಲ್ಲ. ಶಾಲನ್ನು ಎರಡೂ ಕೈಯಲ್ಲಿ ಹಿಡಿದು ವೇದಿಕೆಯ ಮೇಲೆ ಒಂದು ಸುತ್ತು ಬಂದರು. ಮೊದಲು ಮಕ್ಕಳು ನಕ್ಕವು, ಆಮೇಲೆ ತಾಯಂದಿರು ಸೆರಗು ಬಾಯಿಗೆ ಹಿಡಿದರು. ಗದ್ವಾಲದ ಘಟಕವಂತೂ ಹೊಟ್ಟೆ ಹಿಡಿದುಕೊಂಡು ಕೂತಿತು. "ಸರ, ಅದು ನಿಮಗರಿ!" ಅಂತ ಯಾರೋ ಕೂಗಿದರು. ಅಧ್ಯಕ್ಷರಿಗೆ ಆಗ ತಿಳಿಯಿತು. ಅವರೂ ನಕ್ಕರು.

ನಾನು ಶಾಲು ಇಸಿದುಕೊಳ್ಳಲು ಹೋದೆ. ಅವರು ಕೊಡಲಿಲ್ಲ. ತೆಲುಗು ಹೆಡ್ಮಾಸ್ತರ ಮುಂದೆ ಹೋಗಿ ನಿಂತರು. ಅವರು "ಅಯ್ಯೋ, ನನಗ್ಯಾಕೆ" ಅನ್ನುವುದರೊಳಗೆ ಅವರ ಹೆಗಲಿಗೆ ಹೊದಿಸಿ, ಅಂಚು ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

"ಸಾರ್, ಮಾದಿ ಒಕ ಚಿನ್ನ ಮನವಿ."

ಎಲ್ಲರೂ ಮತ್ತೆ ನಕ್ಕರು. ಆದರೆ ಅಧ್ಯಕ್ಷರು ನಗುತ್ತಿರಲಿಲ್ಲ. ಅಲ್ಲಿಂದ ಮುಂದೆ ತೆಲುಗು ಬಿಟ್ಟು ಕನ್ನಡದಲ್ಲೇ ಹೇಳಿದರು.

"ನಾಳಿ ನಮ್ಮ ಹುಡುಗ್ರು ನಿಮ್ಮ ಕ್ಲಾಸಿಗೆ ಬರ್ತಾವ. ಕೇಳಿದ್ರ ಬಾಯಿ ಬಿಡಂಗಿಲ್ಲ, ಸುಮ್ಮನ ಕೂಡ್ತಾವ. ದಡ್ಡ ಅವ ಅಂತ ತಿಳ್ಕೋಬ್ಯಾಡ್ರಿ. ನಮ್ಮಲ್ಲಿ ಭಾಳ ಮಾತಾಡ್ತಿದ್ವು."

ಮುಷ್ಕರದ ದಿನ ಊರೆಲ್ಲ ನಡುಗಿಸಿದ ದನಿಯ ಹೆಡ್ಮಾಸ್ತರು ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡರು. ಎಲ್ಲ ಅಧಿಕಾರಿಗಳಂತೆ ಇವರೂ "ಚೂದ್ದಾಂ" ಅನ್ನುತ್ತಾರೆ ಅಂತಲೇ ನಾನು ಕಾಯುತ್ತಿದ್ದೆ.

"ಮಂಜೂರು" ಅಂದರು.

ನಮ್ಮ ಸಂಘ ಹುಟ್ಟಿದ ಮೇಲೆ ನಿಂತ ಕಾಲಲ್ಲೇ ಮಂಜೂರಾದ ಮನವಿ ಅದೊಂದೇ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಜನ ಚೆದುರಿದ ಮೇಲೆ ಟೀಚರಮ್ಮ ಅಧ್ಯಕ್ಷರ ಹತ್ತಿರ ಬಂದಳು. ಅವಳ ಮುಖ ಊದಿಕೊಂಡಿತ್ತು. "ಸರ, ನನ್ನ ಕೈಯಿಂದ ಹಿಂಗಾತು. ಈ ಶಾಲು ನಿಮಗಂತ ಅಪ್ಪ ನೇದಿದ್ದ. ಈಗ ಅವಗ ಏನ್ ಹೇಳ್ಲಿ?"

"ಇನ್ನೊಂದು ನೇಯಿ ಅಂತ ಹೇಳವ್ವ."

"ಸಾಲೀನ ಉಳೀಲಿಲ್ಲ, ನೀವೂ ರಿಟೈರ್ ಆದ್ರಿ. ಇನ್ನ ಯಾರಿಗೆ ಹೊದಸ್ತೀರಿ?"

ಅಧ್ಯಕ್ಷರು ಖಾಲಿ ಸಾಲೆಯ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀಗದ ಕೈಯನ್ನು ಹೆಡ್ಮಾಸ್ತರಿಗೆ ಕೊಡಲೆಂದು ಹೊರಟರು. ಹೋಗುತ್ತಲೇ ತಿರುಗಿ ಹೇಳಿದರು.

"ಕುರ್ಚಿ ಅಂದ ಮ್ಯಾಲ ಯಾರರ ಒಬ್ರು ಕುಂತಿರ್ತಾರ ಬಿಡವ್ವ. ಈ ಸಲ ಒಳಗ ಹೋಗೋಕಿಂತ ಮೊದ್ಲ, ಇನ್ಶೂರೆನ್ಸಿನವ ಹೌದೋ ಅಲ್ಲೋ ಕೇಳ್ಕೊಂಡು ಹೋಗೂಣು."